ಕರೆಂಟ್ ಹೋದರೂ ಕಮಿಟ್ ಉಳಿಯಬೇಕು: ಎಫ್‌ಸಿಂಕ್, ಎಫ್‌ಡೇಟಾಸಿಂಕ್, ಓಪನ್-ಡೇಟಾಸಿಂಕ್ ಪೈಕಿ ನಿಮಗೆ ಯಾವುದು?

"ಡೇಟಾಬೇಸ್ ತುಂಬ ನಿಧಾನ ಆಗಿದೆ. ಎಫ್‌ಸಿಂಕ್ ಆಫ್ ಮಾಡಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಲಾ?" ಮಂಗಳೂರು, ಉಡುಪಿ ಕಡೆ ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವವರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸಹಕಾರಿ ಸಂಘ, ರಕ್ತಪರೀಕ್ಷೆಯ ಲ್ಯಾಬ್, ಗೇರುಬೀಜದ ಫ್ಯಾಕ್ಟರಿ, ಮಲ್ಪೆಯ ಮೀನು ವ್ಯಾಪಾರದ ಆಫೀಸು, ಎಲ್ಲ ಕಡೆಯಿಂದಲೂ. ಸ್ವಲ್ಪ ಓದಿಕೊಂಡವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಿಂಕ್ ಮಾಡಲು, ಅಂದರೆ ಬರೆದದ್ದನ್ನು ಡಿಸ್ಕ್‌ಗೆ ಇಳಿಸಲು, ಐದು ವಿಧಾನ ಇವೆಯಲ್ಲ, ಯಾವುದನ್ನು ಹಾಕಲಿ?

ಮೊದಲನೆಯದಕ್ಕೆ ನನ್ನ ಉತ್ತರ ಒಂದೇ: ಖಂಡಿತ ಮಾಡಬೇಡಿ. ಎರಡನೆಯದಕ್ಕೆ ಉತ್ತರ ನಿಮ್ಮ ಡಿಸ್ಕ್ ನಿಜ ಹೇಳುತ್ತದೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಅದನ್ನು ಪರೀಕ್ಷೆ ಮಾಡದೆ ವಿಧಾನ ಬದಲಿಸುತ್ತಾ ಕೂತರೆ ಏನೂ ಸಿಗುವುದಿಲ್ಲ.

ನಮ್ಮ ಜಿಲ್ಲೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಕೆನರಾ ಬ್ಯಾಂಕ್, ಕಾರ್ಪೊರೇಶನ್ ಬ್ಯಾಂಕ್ ಎರಡೂ 1906ರಲ್ಲಿ ಹುಟ್ಟಿದ್ದು ಇಲ್ಲೇ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿ ಶುರುಮಾಡಿತು. ಇವತ್ತಿಗೂ ಎಷ್ಟೋ ಸಂಘಗಳ ಏಜೆಂಟರು ಅಂಗಡಿಯಿಂದ ಅಂಗಡಿಗೆ ಹೋಗಿ ಪಿಗ್ಮಿ ಎತ್ತುತ್ತಾರೆ. ಆ ಲೆಕ್ಕ ಸರ್ವರ್‌ಗೆ ಏರುವುದು ಸಂಜೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಿಂಚು ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಮೇ ಕೊನೆಗೆ ಬರುವ ಪತ್ತನಾಜೆ ಆಸುಪಾಸಿನಲ್ಲಿ ಸಂಜೆ ಕರೆಂಟ್ ಹೋಗದ ಊರು ನಮ್ಮಲ್ಲಿ ಯಾವುದಿದೆ ಹೇಳಿ.

ಕಮಿಟ್ ಅಂದಾಗ ಒಳಗೆ ಏನಾಗುತ್ತದೆ

ಹಳೇ ಅಂಗಡಿಗಳಲ್ಲಿ ವ್ಯವಹಾರ ಆದ ಕೂಡಲೇ ಕಿರ್ದಿಯಲ್ಲಿ ಬರೆಯುತ್ತಿದ್ದರು, ಆಮೇಲೆ ಪುರುಸೊತ್ತಿನಲ್ಲಿ ಖಾತೆಗೆ ಏರಿಸುತ್ತಿದ್ದರು. ಡೇಟಾಬೇಸ್ ಮಾಡುವುದೂ ಅದನ್ನೇ. ಮೊದಲು ವಾಲ್ ಅನ್ನುವ ಲಾಗ್ ಫೈಲ್‌ಗೆ ಬರೆಯುತ್ತದೆ, ಟೇಬಲ್ಲಿನ ಫೈಲ್‌ಗಳಿಗೆ ನಿಧಾನಕ್ಕೆ ಏರಿಸುತ್ತದೆ. ಲಾಗ್ ಭದ್ರವಾಗಿದ್ದರೆ ಉಳಿದದ್ದನ್ನು ಮತ್ತೆ ಕಟ್ಟಬಹುದು. ಹಾಗಾಗಿ "ಕಮಿಟ್ ಆಯಿತು", ಅಂದರೆ ವ್ಯವಹಾರ ಖಾಯಂ ಆಯಿತು, ಅಂತ ಹೇಳುವ ಮೊದಲು ಲಾಗ್ ನಿಜವಾಗಿ ಡಿಸ್ಕ್‌ಗೆ ಇಳಿದಿರಬೇಕು.

ತೊಡಕು ಇರುವುದು "ನಿಜವಾಗಿ" ಅನ್ನುವಲ್ಲಿ. ಪ್ರೋಗ್ರಾಂ ಒಂದು ಫೈಲ್‌ಗೆ ಬರೆದರೆ ಅದು ಮೊದಲು ಹೋಗುವುದು ಆಪರೇಟಿಂಗ್ ಸಿಸ್ಟಮ್‌ನ ಮೆಮೊರಿಗೆ. ಅಲ್ಲಿಂದ ಡಿಸ್ಕ್‌ಗೆ. ಡಿಸ್ಕ್‌ನೊಳಗೂ ಒಂದು ಕ್ಯಾಶ್ ಇದೆ, ಅದೂ ಕರೆಂಟ್ ಹೋದರೆ ಅಳಿಯುವ ಮೆಮೊರಿಯೇ. ಕೊನೆಗೆ ಹಾರ್ಡ್‌ಡಿಸ್ಕ್‌ನ ತಟ್ಟೆಯ ಮೇಲೋ ಫ್ಲ್ಯಾಶ್ ಚಿಪ್‌ನೊಳಗೋ ಕೂತರೆ ಮಾತ್ರ ಅದು ಉಳಿಯುವ ಬರಹ. ಎಫ್‌ಸಿಂಕ್ ಅಂದರೆ "ಈ ಫೈಲ್‌ನದ್ದು ಏನೇನು ಬಾಕಿ ಇದೆಯೋ ಎಲ್ಲ ಕೆಳಗೆ ಇಳಿಸು, ಇಳಿದ ಮೇಲೆ ಹೇಳು" ಅನ್ನುವ ಆಜ್ಞೆ. ಮಧ್ಯದಲ್ಲಿ ಯಾರಾದರೂ ಇಳಿಸದೆಯೇ "ಆಯಿತು" ಅಂದುಬಿಟ್ಟರೆ ಡೇಟಾಬೇಸ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ಆರಿಸುವ ಮೊದಲು ಇವನ್ನು ಕೇಳಿಕೊಳ್ಳಿ

ಕರೆಂಟ್ ಹೋಗಿ ಬಂದ ಮೇಲೆ ಏನು ಉಳಿದಿರಬೇಕು? ಇಲ್ಲಿ ಎರಡು ನಷ್ಟಗಳಿವೆ, ಬಹಳ ಜನ ಅವನ್ನು ಕಲಸಿಬಿಡುತ್ತಾರೆ. ಒಂದು, ಕೊನೆಯ ಕೆಲವು ಕಮಿಟ್‌ಗಳು ಹೋಗುವುದು. ಡೇಟಾಬೇಸ್ ಚೆನ್ನಾಗಿಯೇ ಏಳುತ್ತದೆ, ಆದರೆ ಅರ್ಧ ಸೆಕೆಂಡ್ ಹಿಂದಿನ ಸ್ಥಿತಿಯಲ್ಲಿ. ಇನ್ನೊಂದು, ಡೇಟಾಬೇಸ್ ಕೆಡುವುದು. ಅರ್ಧ ಹಳೆಯ ಪುಟ, ಅರ್ಧ ಹೊಸ ಪುಟ, ಇಂಡೆಕ್ಸ್ ಒಂದು ಹೇಳುತ್ತದೆ, ಟೇಬಲ್ ಇನ್ನೊಂದು. ಮೊದಲನೆಯದನ್ನು ಕೆಲವು ಕೆಲಸಗಳಲ್ಲಿ ಸಹಿಸಬಹುದು. ಎರಡನೆಯದನ್ನು ಎಲ್ಲೂ ಸಹಿಸಬಾರದು. ಅದು ಒಮ್ಮೊಮ್ಮೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ಬ್ಯಾಕಪ್‌ಗಳಲ್ಲೂ ಅದೇ ಕೆಟ್ಟ ಡೇಟಾ ಸೇರಿರುತ್ತದೆ.

ಎರಡನೇ ಪ್ರಶ್ನೆ: ಸೆಕೆಂಡಿಗೆ ಎಷ್ಟು ಕಮಿಟ್ ನಿಮಗೆ ನಿಜವಾಗಿ ಬೇಕು? ನಾಲ್ಕು ಕೌಂಟರ್ ಇರುವ ಸಂಘಕ್ಕೆ ಸೆಕೆಂಡಿಗೆ ಐದು ಸಾವಿರ ಕಮಿಟ್ ಯಾತಕ್ಕೆ? ನಿಧಾನ ಅನ್ನಿಸುವುದಕ್ಕೆ ಕಾರಣ ಬೇರೆಯೇ ಇರಬಹುದು. ಇಂಡೆಕ್ಸ್ ಇಲ್ಲದ ಒಂದು ಕ್ವೆರಿಯೂ ಆಗಿರಬಹುದು.

ಮೂರನೆಯದು ಬಜೆಟ್. ಅದರ ಜೊತೆಗೇ, ಆ ಮೆಷಿನನ್ನು ನೋಡಿಕೊಳ್ಳುವವರು ಯಾರು? ವರ್ಷಕ್ಕೊಮ್ಮೆ ಬ್ಯಾಟರಿ ಪರೀಕ್ಷೆ ಮಾಡುವವರು ಇಲ್ಲದ ಕಡೆ ಬ್ಯಾಟರಿ ನಂಬಿ ಕೂರುವ ಏರ್ಪಾಡು ಬೇಡ.

ಐದು ವಿಧಾನಗಳು, ಅವುಗಳ ಕೊಡುಕೊಳೆ

ಎಫ್‌ಸಿಂಕ್ ಎಲ್ಲಕ್ಕಿಂತ ಹಳೆಯದು, ಎಲ್ಲ ಕಡೆ ಇರುತ್ತದೆ. ಫೈಲ್‌ನೊಳಗಿನ ಡೇಟಾ ಮಾತ್ರವಲ್ಲ, ಫೈಲ್ ಕೊನೆಗೆ ಯಾವಾಗ ಬದಲಾಯಿತು ಅನ್ನುವಂಥ ವಿವರಗಳನ್ನೂ ಇಳಿಸುತ್ತದೆ. ಈ ವಿವರಕ್ಕಾಗಿ ಫೈಲ್‌ಸಿಸ್ಟಮ್‌ನ ಜರ್ನಲ್‌ಗೆ, ಅಂದರೆ ಅದರದ್ದೇ ಲಾಗ್‌ಗೆ, ಇನ್ನೊಂದು ಬರಹ ಬೇಕಾಗಬಹುದು. ಅಂದರೆ ಒಂದು ಕಮಿಟ್‌ಗೆ ಡಿಸ್ಕ್ ಎರಡು ಸಲ ಕೆಲಸ ಮಾಡಬೇಕಾದೀತು.

ಎಫ್‌ಡೇಟಾಸಿಂಕ್ ಆ ಹೆಚ್ಚಿನ ಕೆಲಸವನ್ನು ಬಿಡುತ್ತದೆ. ಡೇಟಾ ಓದಲು ಬೇಕಾದ್ದನ್ನು ಮಾತ್ರ ಇಳಿಸುತ್ತದೆ. ಫೈಲ್‌ನ ಗಾತ್ರ ಬದಲಾದರೆ ಅದನ್ನು ಇಳಿಸುತ್ತದೆ, ಸಮಯದ ಮುದ್ರೆಗೆ ಕಾಯುವುದಿಲ್ಲ. ಪೋಸ್ಟ್‌ಗ್ರೆಸ್ ತನ್ನ ವಾಲ್ ಫೈಲ್‌ಗಳನ್ನು ಸಾಮಾನ್ಯವಾಗಿ 16 ಎಂಬಿ ಗಾತ್ರಕ್ಕೆ ಮೊದಲೇ ತುಂಬಿಸಿಟ್ಟು, ಹಳೆಯವನ್ನೇ ಮತ್ತೆ ಬಳಸುತ್ತದೆ. ಹಾಗಾಗಿ ಗಾತ್ರ ಬದಲಾಗುವ ಸಂದರ್ಭವೇ ಕಡಿಮೆ. ಎಫ್‌ಡೇಟಾಸಿಂಕ್‌ನ ಲಾಭ ಸಿಗುವುದು ಇಲ್ಲಿ. ಭದ್ರತೆಯಲ್ಲಿ ಎಫ್‌ಸಿಂಕ್‌ಗಿಂತ ಕಡಿಮೆ ಏನಲ್ಲ. ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ತಾನಾಗಿ ಆರಿಸುವುದೂ ಇದನ್ನೇ.

ಓಪನ್-ಡೇಟಾಸಿಂಕ್ ಬೇರೆ ದಾರಿ ಹಿಡಿಯುತ್ತದೆ. ಫೈಲ್ ತೆರೆಯುವಾಗಲೇ "ಇಲ್ಲಿ ಬರೆದದ್ದೆಲ್ಲ ಆಗಿಂದಾಗಲೇ ಡಿಸ್ಕ್‌ಗೆ ಇಳಿಯಬೇಕು" ಅಂತ ಹೇಳಿಬಿಡುತ್ತದೆ. ಬೇರೆ ಸಿಂಕ್ ಆಜ್ಞೆ ಬೇಕಿಲ್ಲ. ಕಮಿಟ್‌ಗೆ ಒಂದೇ ಬ್ಲಾಕ್ ಬರೆಯುವುದಿದ್ದರೆ ಇದು ಚೆನ್ನ. ಎರಡು, ಮೂರು ಬ್ಲಾಕ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಕಾಯಬೇಕು. ಎಫ್‌ಡೇಟಾಸಿಂಕ್ ಆದರೆ ಎಲ್ಲ ಬರೆದು ಕೊನೆಗೆ ಒಂದೇ ಸಲ ಕಾಯುತ್ತದೆ. ಓಪನ್-ಸಿಂಕ್ ಇದರ ಅಣ್ಣ, ಮೇಲಿನ ವಿವರಗಳನ್ನೂ ಸೇರಿಸಿ ಪ್ರತಿ ಸಲ ಇಳಿಸುತ್ತದೆ. ಅದನ್ನು ಆರಿಸಲು ಒಳ್ಳೆಯ ಕಾರಣ ನನಗೆ ಇನ್ನೂ ಕಂಡಿಲ್ಲ.

ಇಲ್ಲಿ ಒಂದು ಹಳೆಯ ಘಟನೆ ನೆನಪಿಡುವಂಥದ್ದು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಆದ ಒಂದು ಬದಲಾವಣೆಯಿಂದ ಪೋಸ್ಟ್‌ಗ್ರೆಸ್ ಯಾರೂ ಹೇಳದೆ ಓಪನ್-ಡೇಟಾಸಿಂಕ್ ಆರಿಸಲು ಶುರುಮಾಡಿತು. ವೇಗವೇನೂ ಹೆಚ್ಚಲಿಲ್ಲ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನ ಒಂದು ಜೋಡಣೆಯಲ್ಲಿ ಬರೆಯುವುದೇ ವಿಫಲವಾಯಿತು. 2010ರ ಡಿಸೆಂಬರ್‌ನಲ್ಲಿ ಬಂದ 9.0.2 ಆವೃತ್ತಿಯಲ್ಲಿ ಲಿನಕ್ಸ್‌ಗೆ ಎಫ್‌ಡೇಟಾಸಿಂಕ್ ಅಂತ ಗಟ್ಟಿ ಮಾಡಿದರು. ನೀವು ಲಿನಕ್ಸ್‌ನಲ್ಲಿದ್ದರೆ, ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಕಾಣದ ಹೊರತು ಅದನ್ನು ಮುಟ್ಟಬೇಡಿ.

ಐದನೆಯದು ಎಫ್‌ಸಿಂಕ್-ರೈಟ್‌ಥ್ರೂ. ಇದು ಡಿಸ್ಕ್‌ನೊಳಗಿನ ಕ್ಯಾಶನ್ನೂ ಖಾಲಿ ಮಾಡಿಸುತ್ತದೆ. ಮ್ಯಾಕ್‌ನಲ್ಲಿ ಇದರ ಬೆಲೆ ತಿಳಿಯುತ್ತದೆ. ವಿಂಡೋಸ್‌ನಲ್ಲಿ ಇದೂ ಎಫ್‌ಸಿಂಕ್ ಕೂಡ ಒಂದೇ ಆಗಿದ್ದರಿಂದ ಪೋಸ್ಟ್‌ಗ್ರೆಸ್ 17ರಲ್ಲಿ ಅಲ್ಲಿಂದ ಇದನ್ನು ತೆಗೆದರು. ಮ್ಯಾಕ್‌ನಲ್ಲಿ ಮಾಮೂಲಿ ಎಫ್‌ಸಿಂಕ್ ಡಿಸ್ಕ್‌ನವರೆಗೆ ಕಳಿಸುತ್ತದೆ, ಡಿಸ್ಕ್‌ನ ಕ್ಯಾಶ್ ಖಾಲಿಯಾಗುವವರೆಗೆ ಕಾಯುವುದಿಲ್ಲ. ಅದಕ್ಕೆ ಆಪಲ್ ಬೇರೆಯೇ ಫುಲ್-ಎಫ್‌ಸಿಂಕ್ ಆಜ್ಞೆ ಇಟ್ಟಿದೆ. "ನನ್ನ ಮ್ಯಾಕ್‌ಬುಕ್‌ನಲ್ಲಿ ಹಾರುತ್ತದೆ, ನಿಮ್ಮ ಸರ್ವರ್‌ನಲ್ಲಿ ತೆವಳುತ್ತದೆ" ಅಂತ ಡೆವಲಪರ್ ಹೇಳಿದರೆ ಮೊದಲು ಇದನ್ನು ವಿಚಾರಿಸಿ.

ವಿಂಡೋಸ್ ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಸಣ್ಣ ಆಫೀಸುಗಳಲ್ಲಿ ಸರ್ವರ್ ಅಂತ ಇರುವುದು ಹೆಚ್ಚಾಗಿ ಒಂದು ವಿಂಡೋಸ್ ಪಿಸಿಯೇ. ಅಲ್ಲಿ ಪೋಸ್ಟ್‌ಗ್ರೆಸ್ ತಾನಾಗಿ ಹಾಕಿಕೊಳ್ಳುವುದು ಓಪನ್-ಡೇಟಾಸಿಂಕ್. ಡಿಸ್ಕ್‌ನ ರೈಟ್ ಕ್ಯಾಶಿಂಗ್ ಆನ್ ಇದ್ದರೆ ಇದು ಸಾಲದು. ಎರಡರಲ್ಲಿ ಒಂದು ಮಾಡಿ. ಡಿಸ್ಕ್‌ನ ಪ್ರಾಪರ್ಟೀಸ್‌ಗೆ ಹೋಗಿ, ಪಾಲಿಸೀಸ್ ಟ್ಯಾಬ್‌ನಲ್ಲಿ ರೈಟ್ ಕ್ಯಾಶಿಂಗ್‌ನ ಟಿಕ್ ತೆಗೆಯಿರಿ. ಇಲ್ಲವಾದರೆ ವಿಧಾನವನ್ನು ಎಫ್‌ಸಿಂಕ್‌ಗೆ ಬದಲಿಸಿ. ನಾನು ಎರಡನೆಯದನ್ನೇ ಹೇಳುತ್ತೇನೆ. ಟಿಕ್ ಅನ್ನು ಯಾರಾದರೂ ಸುಮ್ನೆ ಮತ್ತೆ ಹಾಕಿಬಿಡಬಹುದು, ಕಾನ್ಫಿಗ್ ಫೈಲ್‌ಗೆ ಅಷ್ಟು ಸುಲಭಕ್ಕೆ ಯಾರೂ ಕೈಹಾಕುವುದಿಲ್ಲ.

ಅಳತೆ, ಮತ್ತು ಅಳತೆಯನ್ನು ಓದುವ ಬಗೆ

ಪೋಸ್ಟ್‌ಗ್ರೆಸ್ ಜೊತೆಗೇ ಪಿಜಿ-ಟೆಸ್ಟ್-ಎಫ್‌ಸಿಂಕ್ ಅನ್ನುವ ಚಿಕ್ಕ ಪ್ರೋಗ್ರಾಂ ಬರುತ್ತದೆ. ಮೇಲಿನ ವಿಧಾನಗಳನ್ನು ಒಂದೊಂದಾಗಿ, ತಲಾ ಐದು ಸೆಕೆಂಡ್ ಓಡಿಸಿ, ಸೆಕೆಂಡಿಗೆ ಎಷ್ಟು ಸಲ ಆಯಿತು, ಒಂದೊಂದಕ್ಕೆ ಎಷ್ಟು ಮೈಕ್ರೋಸೆಕೆಂಡ್ ಹಿಡಿಯಿತು ಅಂತ ತೋರಿಸುತ್ತದೆ. ಮೊದಲು 8 ಕೆಬಿ ಒಂದು ಬರಹ, ಆಮೇಲೆ ಅಂಥ ಎರಡು ಬರಹ. ಎರಡನೇ ಪಟ್ಟಿಯಲ್ಲಿ ಓಪನ್-ಡೇಟಾಸಿಂಕ್‌ನ ಅಂಕಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದನ್ನು ನೋಡಬಹುದು. ಎಫ್‌ಡೇಟಾಸಿಂಕ್ ಅಷ್ಟೊಂದು ಇಳಿಯುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಸಿಂಕ್ ಇಲ್ಲದೆ ಬರೆದ ವೇಗವೂ ಇರುತ್ತದೆ. ಅದು ಹೋಲಿಸಿ ನೋಡಲಿಕ್ಕೆ ಮಾತ್ರ, ಆಸೆಪಡಲಿಕ್ಕೆ ಅಲ್ಲ.

ಒಂದು ಎಚ್ಚರಿಕೆ: ಪರೀಕ್ಷೆಯ ಫೈಲ್ ವಾಲ್ ಇರುವ ಡಿಸ್ಕ್‌ನಲ್ಲೇ ಇರಬೇಕು. ಟೆಂಪ್ ಫೋಲ್ಡರ್‌ನಲ್ಲಿ ಇಟ್ಟರೆ, ಕೆಲವು ಲಿನಕ್ಸ್‌ಗಳಲ್ಲಿ ಆ ಫೋಲ್ಡರ್ ಇರುವುದೇ ಮೆಮೊರಿಯಲ್ಲಿ. ಅಂಕಿ ಲಕ್ಷ ದಾಟುತ್ತದೆ, ಅರ್ಥ ಮಾತ್ರ ಸೊನ್ನೆ.

ಈಗ ಅಂಕಿಯನ್ನು ಓದೋಣ. ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮದು 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಲಾಗ್‌ನ ಅದೇ ಜಾಗಕ್ಕೆ ಮತ್ತೆ ಬರೆಯಬೇಕಾದರೆ ತಟ್ಟೆ ಒಂದು ಸುತ್ತು ತಿರುಗಿ ಮತ್ತೆ ಅಲ್ಲಿಗೇ ಬರಬೇಕು. ಹಾಗಾಗಿ ಪ್ರಾಮಾಣಿಕವಾದ ಡಿಸ್ಕ್ ಸೆಕೆಂಡಿಗೆ 120ರ ಆಸುಪಾಸು, ಅಥವಾ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಲ್ಯಾಪ್‌ಟಾಪಿನ 5400 ಆರ್‌ಪಿಎಂ ಡಿಸ್ಕ್ ಆದರೆ 90. ಅಂಥ ಡಿಸ್ಕ್ ನಿಮಗೆ ಎರಡು ಸಾವಿರ ತೋರಿಸಿತು ಅಂದರೆ ಖುಷಿಪಡಬೇಡಿ. ತಟ್ಟೆ ಅಷ್ಟು ಬೇಗ ತಿರುಗಲು ಸಾಧ್ಯವೇ ಇಲ್ಲ. ಮಧ್ಯದಲ್ಲಿ ಯಾವುದೋ ಕ್ಯಾಶ್ "ಆಯಿತು" ಅಂತ ಸುಳ್ಳು ಹೇಳುತ್ತಿದೆ. ಬ್ಯಾಟರಿ ಇರುವ ರೈಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ಹಾಕಿದ್ದೀರಾದರೆ ಮಾತು ಬೇರೆ. ಆಗ ಆ ವೇಗ ನ್ಯಾಯವಾದದ್ದೇ.

ಎಸ್‌ಎಸ್‌ಡಿಯಲ್ಲಿ ಇಷ್ಟು ಸರಳವಾದ ಲೆಕ್ಕ ಇಲ್ಲ. ಪಿಸಿಗೆ ಹಾಕುವ ಮಾಮೂಲಿ ಎಸ್‌ಎಸ್‌ಡಿ ಪ್ರಾಮಾಣಿಕವಾಗಿ ಸಿಂಕ್ ಮಾಡಿದರೆ ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರದವರೆಗೆ ಬರುತ್ತದೆ. ಡಬ್ಬದ ಮೇಲೆ ಬರೆದ ಲಕ್ಷಗಟ್ಟಲೆ ಐಓಪಿಎಸ್‌ಗೂ (ಸೆಕೆಂಡಿಗೆ ಎಷ್ಟು ಓದು-ಬರಹ ಅನ್ನುವ ಅಂಕಿ) ಇದಕ್ಕೂ ಸಂಬಂಧ ಇಲ್ಲ. ಸರ್ವರ್‌ಗೆಂದೇ ಮಾಡಿದ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರ್‌ಗಳಿರುತ್ತವೆ. ಕರೆಂಟ್ ಹೋದಾಗ ಕ್ಯಾಶ್‌ನಲ್ಲಿರುವುದನ್ನು ಚಿಪ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಹಾಗಾಗಿ ಅವು ಕ್ಯಾಶ್‌ಗೆ ಬಂದ ಕೂಡಲೇ "ಆಯಿತು" ಅಂದರೂ ಅದು ಸುಳ್ಳಲ್ಲ. ಹತ್ತು ಸಾವಿರ ದಾಟುವ ಅಂಕಿ ಇಲ್ಲಿ ಸಹಜ.

ಲಿನಕ್ಸ್‌ನಲ್ಲಿ ಎಚ್‌ಡಿಪಾರ್ಮ್ ಆಜ್ಞೆಯಿಂದ ಸಾಟಾ ಡಿಸ್ಕ್‌ನ ರೈಟ್ ಕ್ಯಾಶ್ ಆನ್ ಇದೆಯೋ ಅಂತ ನೋಡಬಹುದು, ಬೇಕಾದರೆ ಆಫ್ ಕೂಡ ಮಾಡಬಹುದು. ಕ್ಯಾಶ್ ಆನ್ ಇರುವುದೇ ತಪ್ಪು ಅಂತಲ್ಲ. ಖಾಲಿ ಮಾಡು ಅಂದಾಗ ಖಾಲಿ ಮಾಡುವ ಕ್ಯಾಶ್ ಇದ್ದರೆ ತೊಂದರೆ ಇಲ್ಲ. ಅನುಮಾನ ಬಂದರೆ ಆಫ್ ಮಾಡಿ ಮತ್ತೆ ಅಳೆಯಿರಿ. ಎರಡೂ ಸಲ ಅಂಕಿ ಸುಮಾರು ಒಂದೇ ಬಂದರೆ ಡಿಸ್ಕ್ ನಂಬಬಹುದಾದ್ದು. ಆಫ್ ಮಾಡಿದಾಗ ಎರಡು ಸಾವಿರದಿಂದ ನೂರಕ್ಕೆ ಬಿತ್ತು ಅಂದರೆ, ಮೊದಲಿನ ಸಿಂಕ್ ಬರೀ ಬಾಯಿಮಾತು.

ಸುರತ್ಕಲ್, ಮಣಿಪಾಲ ಕಡೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್‌ನೊಳಗೆ ಲಿನಕ್ಸ್ ಹಾಕಿ ಈ ಅಳತೆ ಮಾಡಬೇಡಿ. ಒಳಗಿನ ಸಿಸ್ಟಮ್ ಕಳಿಸುವ "ಕ್ಯಾಶ್ ಖಾಲಿ ಮಾಡು" ಆಜ್ಞೆಯನ್ನು ಅದು ಮಾಮೂಲಿಯಾಗಿ ನಿರ್ಲಕ್ಷಿಸುತ್ತದೆ. ಇಗ್ನೋರ್-ಫ್ಲಶ್ ಅನ್ನುವ ಸೆಟ್ಟಿಂಗ್ ಅನ್ನು ಸೊನ್ನೆ ಮಾಡಿದರೆ ಮಾತ್ರ ಪಾಲಿಸುತ್ತದೆ. ಅಂಥದ್ದೇ ಆದ ಕ್ಯೂಎಂಯುನಲ್ಲಿ ಡಿಸ್ಕ್ ಕ್ಯಾಶ್ "ಅನ್‌ಸೇಫ್" ಅಂತ ಇದ್ದರೂ ಅದೇ ಕಥೆ.

ಪ್ಲಗ್ ಎಳೆಯದೆ ಏನೂ ಖಚಿತವಾಗುವುದಿಲ್ಲ

ಅಂಕಿ ಅನುಮಾನ ಹುಟ್ಟಿಸುತ್ತದೆ, ಸಾಕ್ಷಿ ಕೊಡುವುದು ಪ್ಲಗ್. ಕಿಲ್ ಆಜ್ಞೆಯಿಂದ ಡೇಟಾಬೇಸನ್ನು ಕೊಂದರೆ ಪರೀಕ್ಷೆ ಆಗುವುದು ಡೇಟಾಬೇಸ್ ಮಾತ್ರ. ಸಿಸ್ಟಮ್‌ನ ಮೆಮೊರಿ ಹಾಗೇ ಇರುತ್ತದೆ. ರೀಸೆಟ್ ಒತ್ತಿದರೆ ಸಿಸ್ಟಮ್‌ನ ಮೆಮೊರಿ ಹೋಗುತ್ತದೆ, ಡಿಸ್ಕ್‌ಗೆ ಕರೆಂಟ್ ಇದ್ದೇ ಇರುತ್ತದೆ. ಡಿಸ್ಕ್‌ನ ಕ್ಯಾಶ್ ಪರೀಕ್ಷೆ ಆಗಬೇಕಾದರೆ ಮೆಷಿನಿನ ಹಿಂದಿನ ವೈರನ್ನೇ ಎಳೆಯಬೇಕು.

ಹೊಸ ಮೆಷಿನ್ ಬಂದಾಗ, ಅದರೊಳಗೆ ಯಾರ ಲೆಕ್ಕವೂ ಸೇರುವ ಮೊದಲು ಇದನ್ನು ಮಾಡಿ. ಓಡುತ್ತಿರುವ ಸರ್ವರ್‌ನಲ್ಲಿ ಖಂಡಿತ ಬೇಡ. ಒಂದು ಟೇಬಲ್ ಮಾಡಿ, 1, 2, 3 ಅಂತ ಸಂಖ್ಯೆ ಸೇರಿಸುತ್ತಾ ಹೋಗುವ ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಪ್ರತಿ ಸಂಖ್ಯೆ ಕಮಿಟ್ ಆದ ಮೇಲೆಯೇ ಅದನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಲ್ಯಾಪ್‌ಟಾಪ್‌ಗೆ ಕಳಿಸಲಿ. ಸ್ವಲ್ಪ ಹೊತ್ತು ಓಡಲಿ. ವೈರ್ ಎಳೆಯಿರಿ. ಮತ್ತೆ ಹಾಕಿ, ಡೇಟಾಬೇಸ್ ಎದ್ದ ಮೇಲೆ ಟೇಬಲ್ಲಿನ ಕೊನೆಯ ಸಂಖ್ಯೆ ನೋಡಿ. ಲ್ಯಾಪ್‌ಟಾಪಿನಲ್ಲಿ 41,207 ಇದ್ದು, ಟೇಬಲ್ಲಿನಲ್ಲಿ 41,207 ಅಥವಾ 41,208 ಇದ್ದರೆ ಸರಿ. ಒಂದು ಜಾಸ್ತಿ ಬಂದದ್ದು ಕಮಿಟ್ ಆಗಿ, ಸುದ್ದಿ ಕಳಿಸುವ ಮೊದಲು ಕರೆಂಟ್ ಹೋದದ್ದರಿಂದ. ಟೇಬಲ್ಲಿನಲ್ಲಿ 41,150 ಇದ್ದರೆ, "ಆಯಿತು" ಅಂತ ಹೇಳಿದ 57 ಕಮಿಟ್‌ಗಳು ಗಾಳಿಗೆ ಹೋಗಿವೆ. ಪಿಗ್ಮಿ ಕಟ್ಟಿದ 57 ಜನರ ಕೈಯಲ್ಲಿ ರಶೀದಿ ಇದೆ, ಸಂಘದ ಪುಸ್ತಕದಲ್ಲಿ ಹಣ ಇಲ್ಲ ಅಂತ ಯೋಚಿಸಿ ನೋಡಿ.

ಒಮ್ಮೆ ಪಾಸಾದರೆ ಸಾಲದು. ಕ್ಯಾಶ್‌ನಲ್ಲಿ ಆ ಕ್ಷಣಕ್ಕೆ ಏನಿತ್ತು ಅನ್ನುವುದು ಅದೃಷ್ಟದ ವಿಷಯ. ಹಲವು ಸಲ ಎಳೆಯಿರಿ, ಹೊರೆ ಜಾಸ್ತಿ ಇರುವಾಗ ಎಳೆಯಿರಿ. ಡೇಟಾಬೇಸ್ ಇಲ್ಲದೆ ಡಿಸ್ಕ್ ಒಂದನ್ನೇ ಪರೀಕ್ಷಿಸಲು ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಬರೆದ ಡಿಸ್ಕ್‌ಚೆಕರ್ ಅನ್ನುವ ಪರ್ಲ್ ಸ್ಕ್ರಿಪ್ಟ್ ಇದೆ. ಅದೂ ಇದೇ ರೀತಿ ಎರಡನೇ ಮೆಷಿನನ್ನು ಸಾಕ್ಷಿಗೆ ಇಟ್ಟುಕೊಳ್ಳುತ್ತದೆ.

ಯುಪಿಎಸ್ ಇದೆಯಲ್ಲ, ಇದೆಲ್ಲ ಯಾಕೆ ಅನ್ನುತ್ತೀರಾ? ಯುಪಿಎಸ್ ಬೇಕು, ಖಂಡಿತ ಬೇಕು. ಆದರೆ ಅದು ಕಾಪಾಡುವುದು ಗೋಡೆಯ ಕರೆಂಟ್ ಹೋದಾಗ ಮಾತ್ರ. ಮೆಷಿನಿನ ಪವರ್ ಸಪ್ಲೈ ಸುಟ್ಟರೆ, ಗುಡಿಸುವವರ ಕೈ ತಾಗಿ ವೈರ್ ಕಳಚಿದರೆ, ಬ್ಯಾಟರಿ ಹಳತಾಗಿ ಒಂದು ನಿಮಿಷವೂ ನಿಲ್ಲದಿದ್ದರೆ ಅದು ಏನು ಮಾಡೀತು? ಸಮುದ್ರದ ಹತ್ತಿರದ ಉಪ್ಪುಗಾಳಿಗೆ ಬ್ಯಾಟರಿಯ ಟರ್ಮಿನಲ್ ಹಸಿರುಗಟ್ಟುವುದನ್ನು ಮಲ್ಪೆ, ಬಂದರು ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಇನ್ನು ಮನೆಗೆ ಹಾಕುವ ಇನ್ವರ್ಟರ್ ಬದಲಾಗುವಾಗ ಹಿಡಿಯುವ ಸಮಯಕ್ಕೆ ಕೆಲವು ಮೆಷಿನ್‌ಗಳು ರೀಸ್ಟಾರ್ಟ್ ಆಗಿಬಿಡುತ್ತವೆ.

ಸಿಂಕ್ ವಿಫಲವಾದಾಗ ಏನಾಗುತ್ತದೆ ಅನ್ನುವುದೂ ಇದೇ ಸಾಲಿಗೆ ಸೇರುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್ ತಂಡಕ್ಕೆ ಒಂದು ಕಹಿ ಸಂಗತಿ ಗೊತ್ತಾಯಿತು. ಲಿನಕ್ಸ್‌ನಲ್ಲಿ ಎಫ್‌ಸಿಂಕ್ ಒಮ್ಮೆ ವಿಫಲವಾದರೆ, ಮತ್ತೆ ಕೇಳಿದಾಗ "ಸರಿಯಾಗಿದೆ" ಅಂತ ಉತ್ತರ ಬರಬಹುದು. ಬರೆಯಲಾಗದ ಪುಟಗಳನ್ನು ಬರೆದಾಯಿತು ಅಂತ ಗುರುತು ಹಾಕಿ ಕರ್ನಲ್ ಕೈತೊಳೆದುಕೊಂಡಿರುತ್ತದೆ. 2019ರ ಫೆಬ್ರವರಿಯ ಆವೃತ್ತಿಗಳಿಂದ, ಅಂದರೆ 11.2 ಮತ್ತು ಅದರ ಜೊತೆಗಾರರಿಂದ, ಎಫ್‌ಸಿಂಕ್ ವಿಫಲವಾದರೆ ಪೋಸ್ಟ್‌ಗ್ರೆಸ್ ಮತ್ತೆ ಪ್ರಯತ್ನಿಸುವುದಿಲ್ಲ. ನಿಂತುಬಿಟ್ಟು, ವಾಲ್‌ನಿಂದ ಮತ್ತೆ ಏಳುತ್ತದೆ. ಇನ್ನೂ 9.x ಓಡಿಸುತ್ತಿದ್ದೀರಾ? ಸಿಂಕ್ ವಿಧಾನದ ಯೋಚನೆ ಆಮೇಲೆ, ಮೊದಲು ಅಪ್‌ಗ್ರೇಡ್ ಮಾಡಿ.

ವೇಗ ಬೇಕೇ ಬೇಕು ಅಂದರೆ ಯಾವುದನ್ನು ಬಿಟ್ಟುಕೊಡಬಹುದು

ಮೊದಲು, ಏನನ್ನೂ ಬಿಟ್ಟುಕೊಡದ ದಾರಿ. ಪಿಗ್ಮಿ ಅಪ್‌ಲೋಡ್‌ನಲ್ಲಿ 6,000 ಸಾಲುಗಳಿವೆ, ಸಾಫ್ಟ್‌ವೇರ್ ಪ್ರತಿ ಸಾಲಿಗೆ ಒಂದೊಂದು ಕಮಿಟ್ ಮಾಡುತ್ತಿದೆ ಅಂದುಕೊಳ್ಳಿ. 7200 ಆರ್‌ಪಿಎಂ ಡಿಸ್ಕ್‌ನಲ್ಲಿ ಕಮಿಟ್‌ಗೆ ಕಾಯುವುದಕ್ಕೇ 50 ಸೆಕೆಂಡ್ ಬೇಕು. ಒಬ್ಬ ಏಜೆಂಟರ ಒಂದು ದಿನದ ಲೆಕ್ಕವನ್ನು ಒಂದೇ ಟ್ರಾನ್ಸಾಕ್ಷನ್ ಮಾಡಿದರೆ, ಅಂದರೆ ಎಲ್ಲ ಸಾಲಿಗೂ ಸೇರಿ ಒಂದೇ ಕಮಿಟ್ ಮಾಡಿದರೆ, ಆ ಕಾಯುವಿಕೆ ಹೆಚ್ಚುಕಡಿಮೆ ಮಾಯ. ಮೇಲಾಗಿ, ಅರ್ಧ ಏರಿ ಅರ್ಧ ಬಿಟ್ಟುಹೋಗುವ ಗೊಂದಲವೂ ಇಲ್ಲ. ಸಿಂಕ್ ನಿಧಾನ ಅನ್ನುವ ದೂರುಗಳಲ್ಲಿ ಬಹುಪಾಲು ಇಲ್ಲಿಗೇ ಮುಗಿಯುತ್ತವೆ ಅನ್ನುವುದು ನನ್ನ ಅನುಭವ. ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿ ಇದನ್ನು ಮಾಡಿಸಿ.

ಒಂದೇ ಹೊತ್ತಿಗೆ ಬಹಳ ಜನ ಕಮಿಟ್ ಮಾಡುವ ಕಡೆ ಕಮಿಟ್-ಡಿಲೇ ನೋಡಬಹುದು. ಸ್ವಲ್ಪ ಕಾದು, ಹಲವರ ಕಮಿಟನ್ನು ಒಂದೇ ಸಿಂಕ್‌ನಲ್ಲಿ ಇಳಿಸುತ್ತದೆ. ಮೇಲಿನ ಪರೀಕ್ಷೆಯಲ್ಲಿ 8 ಕೆಬಿಯ ಒಂದು ಬರಹಕ್ಕೆ ಬಂದ ಸಮಯದ ಅರ್ಧವನ್ನು ಹಾಕಿ ಶುರುಮಾಡಿ.

ಇಷ್ಟಾದರೂ ಸಾಲದಿದ್ದರೆ ಸಿಂಕ್ರೊನಸ್-ಕಮಿಟ್ ಆಫ್ ಮಾಡುವ ದಾರಿ ಇದೆ. ಹೆಸರು ಕೇಳಿದರೆ ಎಫ್‌ಸಿಂಕ್ ಆಫ್‌ನ ತಮ್ಮ ಅನ್ನಿಸಬಹುದು, ಆದರೆ ಎರಡಕ್ಕೂ ಅಜಗಜಾಂತರ. ಎಫ್‌ಸಿಂಕ್ ಆಫ್ ಮಾಡಿದರೆ ಡೇಟಾಬೇಸೇ ಕೆಡಬಹುದು, ಇದರಲ್ಲಿ ಕೆಡುವುದಿಲ್ಲ. ಲಾಗನ್ನು ಇಳಿಸುವ ವಾಲ್ ರೈಟರ್ 200 ಮಿಲಿಸೆಕೆಂಡಿಗೊಮ್ಮೆ ಏಳುತ್ತದೆ. ಅದರ ಮೂರು ಪಟ್ಟು, ಅಂದರೆ ಹೆಚ್ಚೆಂದರೆ 0.6 ಸೆಕೆಂಡಿನ ಕಮಿಟ್‌ಗಳು ಹೋಗಬಹುದು, ಅಷ್ಟೇ. ಒಂದೊಂದು ಟ್ರಾನ್ಸಾಕ್ಷನ್‌ಗೆ ಬೇಕಾದಂತೆ ಇದನ್ನು ಬದಲಿಸಬಹುದು ಅನ್ನುವುದು ದೊಡ್ಡ ಅನುಕೂಲ. ಯಾರು ಯಾವಾಗ ಲಾಗಿನ್ ಆದರು, ಕೋಲ್ಡ್ ಸ್ಟೋರೇಜಿನ ಉಷ್ಣತೆ ಎಷ್ಟಿತ್ತು, ಇಂಥವಕ್ಕೆ ಆಫ್ ಇರಲಿ. ಹಣದ ಸಾಲುಗಳಿಗೆ ಆನ್.

ಎಫ್‌ಸಿಂಕ್ ಆಫ್‌ಗೆ ಜಾಗ ಇರುವುದು ಒಂದೇ ಕಡೆ: ಕೆಟ್ಟರೆ ಮತ್ತೆ ಮೊದಲಿನಿಂದ ಕಟ್ಟಬಹುದಾದ ಪರೀಕ್ಷೆಯ ಡೇಟಾಬೇಸ್.

ಮೈಎಸ್‌ಕ್ಯೂಎಲ್ ಮತ್ತು ಎಸ್‌ಕ್ಯೂಲೈಟ್ ಬಳಸುವವರಿಗೆ

ಮೈಎಸ್‌ಕ್ಯೂಎಲ್‌ನಲ್ಲಿ ನೋಡಬೇಕಾದ್ದು ಅದರ ಸ್ಟೋರೇಜ್ ಎಂಜಿನ್ ಆದ ಇನ್ನೋಡಿಬಿಯ ಸೆಟ್ಟಿಂಗ್, ಫ್ಲಶ್-ಲಾಗ್-ಅಟ್-ಟಿಆರ್‌ಎಕ್ಸ್-ಕಮಿಟ್. 1 ಅಂದರೆ ಪ್ರತಿ ಕಮಿಟ್‌ಗೂ ಡಿಸ್ಕ್‌ಗೆ ಇಳಿಸುತ್ತದೆ. 2 ಅಂದರೆ ಪ್ರತಿ ಕಮಿಟ್‌ಗೆ ಸಿಸ್ಟಮ್‌ಗೆ ಒಪ್ಪಿಸಿ, ಸೆಕೆಂಡಿಗೊಮ್ಮೆ ಡಿಸ್ಕ್‌ಗೆ. ಮೈಎಸ್‌ಕ್ಯೂಎಲ್ ಸತ್ತರೆ ನಷ್ಟ ಇಲ್ಲ, ಕರೆಂಟ್ ಹೋದರೆ ಸುಮಾರು ಒಂದು ಸೆಕೆಂಡಿನದ್ದು ಹೋಗುತ್ತದೆ. 0 ಆದರೆ ಮೈಎಸ್‌ಕ್ಯೂಎಲ್ ಸತ್ತರೂ ನಷ್ಟ. 0 ಮತ್ತು 2ರ ನಡುವೆ ವೇಗದ ಲಾಭ ಅಷ್ಟೇನೂ ಇಲ್ಲ, ಹಾಗಾಗಿ 0 ನನ್ನ ಪಟ್ಟಿಯಲ್ಲೇ ಇಲ್ಲ. ಬದಲಾವಣೆಗಳನ್ನು ಬರೆದಿಡುವ ಬಿನ್‌ಲಾಗ್ ಇದ್ದರೆ ಸಿಂಕ್-ಬಿನ್‌ಲಾಗ್ ಕೂಡ 1 ಇರಲಿ.

ಎಸ್‌ಕ್ಯೂಲೈಟ್‌ನಲ್ಲಿ ವಾಲ್ ಮೋಡ್ ಜೊತೆ ಸಿಂಕ್ರೊನಸ್ ನಾರ್ಮಲ್ ಇಟ್ಟರೆ ಕೊನೆಯ ಕೆಲವು ಕಮಿಟ್ ಹೋದೀತು, ಫೈಲ್ ಕೆಡುವುದಿಲ್ಲ. ಫುಲ್ ಇಟ್ಟರೆ ಅವೂ ಉಳಿಯುತ್ತವೆ. ಬಿಲ್ಲಿಂಗ್‌ಗೆ ಫುಲ್ ಇರಲಿ, ಒಂದು ಕೌಂಟರಿನ ಅಂಗಡಿಗೆ ಆ ನಿಧಾನ ಗೊತ್ತೇ ಆಗುವುದಿಲ್ಲ.

ಯಾರಿಗೆ ಯಾವುದು

ಒಂದು ಪಿಸಿ, ಕೆಲವೇ ಕೌಂಟರ್, ಬಜೆಟ್ ಬಿಗಿ: ಇರುವ ಡಿಸ್ಕೇ ಸಾಕು. ಲಿನಕ್ಸ್ ಆದರೆ ಎಫ್‌ಡೇಟಾಸಿಂಕ್, ವಿಂಡೋಸ್ ಆದರೆ ಎಫ್‌ಸಿಂಕ್. ಸೆಕೆಂಡಿಗೆ 100 ಕಮಿಟ್ ನಿಮಗೆ ಧಾರಾಳ. ಉಳಿದ ದುಡ್ಡನ್ನು ಒಳ್ಳೆಯ ಯುಪಿಎಸ್‌ಗೂ, ಬೇರೆ ಕಟ್ಟಡದಲ್ಲಿ ಇಡುವ ಬ್ಯಾಕಪ್‌ಗೂ ಹಾಕಿ.

ಆಗಸ್ಟಿನಲ್ಲಿ ಬೋಟ್‌ಗಳು ಮತ್ತೆ ಕಡಲಿಗೆ ಇಳಿದ ಮೇಲೆ ಮೀನಿನ ಆಫೀಸಿಗೆ ಬರುವಂಥ ಒಮ್ಮೆಲೇ ನುಗ್ಗುವ ಹೊರೆ ನಿಮ್ಮಲ್ಲಿದ್ದರೆ, ಕೆಪಾಸಿಟರ್ ಇರುವ ಒಂದು ಎಸ್‌ಎಸ್‌ಡಿ ತೆಗೆದುಕೊಳ್ಳಿ. ಬೆಲೆ ಮಾಮೂಲಿಗಿಂತ ಜಾಸ್ತಿ. ಕೊಳ್ಳುವಾಗ ಪವರ್ ಲಾಸ್ ಪ್ರೊಟೆಕ್ಷನ್ ಇದೆಯಾ ಅಂತ ಬರಹದಲ್ಲಿ ಕೇಳಿ. ದೊಡ್ಡ ಸೈಜ್ ಬೇಕಿಲ್ಲ, ವಾಲ್ ಇಡುವಷ್ಟು ಇದ್ದರೂ ಲಾಭ ಕಾಣುತ್ತದೆ. ಬ್ಯಾಟರಿ ಇರುವ ರೈಡ್ ಕಾರ್ಡಿಗಿಂತ ನನಗೆ ಇದೇ ಮೇಲು. ಕಾರ್ಡಿನ ಬ್ಯಾಟರಿ ಸತ್ತರೆ ಒಳ್ಳೆಯ ಕಾರ್ಡ್ ಕ್ಯಾಶ್ ಬಿಟ್ಟು ನಿಧಾನಕ್ಕೆ ಹೋಗುತ್ತದೆ, ಯಾಕೆ ನಿಧಾನ ಅಂತ ಹುಡುಕುವುದರಲ್ಲೇ ನಿಮ್ಮ ವಾರ ಹೋಗುತ್ತದೆ.

ಹಲವು ಶಾಖೆಗಳ ಸಂಘಕ್ಕೆ, ಆಸ್ಪತ್ರೆಗೆ ಒಂದು ಡಿಸ್ಕ್ ಎಷ್ಟು ಪ್ರಾಮಾಣಿಕವಾದರೂ ಸಾಲದು, ಡಿಸ್ಕೇ ಸಾಯಬಹುದು. ಮಂಗಳೂರಿನ ಸರ್ವರ್‌ಗೆ ಉಡುಪಿಯಲ್ಲಿ ಒಂದು ಸ್ಟ್ಯಾಂಡ್‌ಬೈ (ನಕಲು ಇಟ್ಟುಕೊಳ್ಳುವ ಮೆಷಿನ್) ಇಟ್ಟು ಸಿಂಕ್ರೊನಸ್ ಆಗಿ, ಅಂದರೆ ಅದರ ಉತ್ತರಕ್ಕೆ ಕಾದು, ನಕಲು ಮಾಡಬಹುದು. ಸಿಂಕ್ರೊನಸ್-ಕಮಿಟ್ ಆನ್ ಇದ್ದರೆ ಎರಡೂ ಕಡೆ ಡಿಸ್ಕ್‌ಗೆ ಇಳಿದ ಮೇಲೆಯೇ ಕಮಿಟ್. ರಿಮೋಟ್-ರೈಟ್ ಇಟ್ಟರೆ ಆ ಕಡೆಯ ಸಿಸ್ಟಮ್‌ಗೆ ತಲುಪಿದರೆ ಸಾಕು, ಸ್ವಲ್ಪ ಬೇಗ. ಎರಡೂ ಮೆಷಿನ್ ಒಂದೇ ಕಟ್ಟಡದಲ್ಲಿ, ಒಂದೇ ಯುಪಿಎಸ್ ಮೇಲೆ ಇದ್ದರೆ ರಿಮೋಟ್-ರೈಟ್ ನಂಬಬೇಡಿ, ಕರೆಂಟ್ ಹೋದರೆ ಸ್ಟ್ಯಾಂಡ್‌ಬೈನ ಮೆಮೊರಿಯಲ್ಲಿದ್ದದ್ದು ಅಳಿದು, ಮೊದಲ ಸರ್ವರ್‌ನ ಡಿಸ್ಕ್ ಒಂದನ್ನೇ ನಂಬಬೇಕಾಗುತ್ತದೆ. ಸಿಂಕ್ರೊನಸ್ ನಕಲಿನ ಬೆಲೆ ಏನೆಂದರೆ, ಉಡುಪಿಯ ಲೈನ್ ಕಡಿದ ದಿನ ಮಂಗಳೂರಿನ ಕಮಿಟ್‌ಗಳೂ ಕಾಯುತ್ತಾ ನಿಲ್ಲುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹೋಗುವುದು ಇಲ್ಲಿ ಹೊಸತಲ್ಲವಲ್ಲ. ಹಾಗಾಗಿ ಈ ದಾರಿ ಹಿಡಿಯುವುದಿದ್ದರೆ ಸ್ಟ್ಯಾಂಡ್‌ಬೈ ಎರಡು ಬೇಕು. ಎರಡರಲ್ಲಿ ಯಾವುದಾದರೂ ಒಂದು ಉತ್ತರ ಕೊಟ್ಟರೆ ಸಾಕು ಅಂತ ಪೋಸ್ಟ್‌ಗ್ರೆಸ್‌ಗೆ ಹೇಳಬಹುದು. ಎರಡನೇ ಸ್ಟ್ಯಾಂಡ್‌ಬೈಗೆ ದುಡ್ಡಿಲ್ಲವಾದರೆ ನಕಲನ್ನು ಅಸಿಂಕ್ರೊನಸ್ ಆಗಿಯೇ, ಅಂದರೆ ಉತ್ತರಕ್ಕೆ ಕಾಯದಂತೆ, ಇಟ್ಟು, ಮಂಗಳೂರಿನ ಡಿಸ್ಕ್‌ಗೆ ಪ್ಲಗ್ ಪರೀಕ್ಷೆಯನ್ನು ಪತ್ತನಾಜೆಗೆ ಮೊದಲೇ ಮಾಡಿ ಮುಗಿಸಿ.